ಜೊತೆಗೆ ಹೋದವಳು

ಕೋಟನ್ನು ಒಳಮೈ ಮೇಲಾಗುವಂತೆ ತಿರುವಿ ಗಾಜಿನ ಕೌಂಟರಿನ ಮೇಲೆ ಹರಡಿ, ಭೂತಗನ್ನಡಿ ಎಂಬ ಅಡ್ಡಹೆಸರಿನ ಆ ಹೆಂಗಸು ತಲೆಯ ಮೇಲಿದ್ದ ದೀಪವನ್ನು ಮೂಗಿನ ಮಟ್ಟಕ್ಕೆ ಎಳೆದುಕೊಂಡಳು.

"ಇದು ನಿಮ್ಮಜ್ಜಿದು ಅಂತ ಯಾರು ಹೇಳಿದ್ದು?"

ಕನ್ನಡಕದಂಗಡಿಯವಳು ಲೆನ್ಸ್ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಅಪ್ಪನೇ ಹೇಳಿದ್ದು. ಹೋದ ವರ್ಷ ತೀರಿಕೊಳ್ಳುವವರೆಗೂ ಅಪ್ಪ ಅದನ್ನು ಅಮ್ಮನ ಆಸ್ಪತ್ರೆ ಕೋಟು ಎಂದೇ ಕರೆಯುತ್ತಿದ್ದ. ಚಿಕ್ಕವನಿದ್ದಾಗ ಅದನ್ನೇ ಹೊದ್ದು ಮಲಗುತ್ತಿದ್ದನಂತೆ. ಒಗೆಯಲು ಯಾರಿಗೂ ಕೊಡುತ್ತಿರಲಿಲ್ಲವಂತೆ.

ಭೂತಗನ್ನಡಿ ಅಂಚಿನ ಹೊಲಿಗೆಯ ಮೇಲೆ ಉಗುರು ಆಡಿಸಿದಳು. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತ ಅರ್ಧ ಆಯುಷ್ಯ ಸವೆಸಿ, ಈಗ ಸ್ವಂತಕ್ಕೆ ತನಿಖೆ ನಡೆಸುತ್ತಿದ್ದ ಅವಳಿಗೆ ಆ ಹೆಸರು ಇಟ್ಟವರು ಅವಳ ಮಕ್ಕಳೇ. ಡಬ್ಬದಲ್ಲಿ ಒಂದು ಬಿಸ್ಕತ್ತು ಕಡಿಮೆಯಾದರೂ ಅಮ್ಮನಿಗೆ ಗೊತ್ತಾಗಿಬಿಡುತ್ತದಲ್ಲ ಎಂಬ ಸಂಕಟಕ್ಕೆ.

ನಾಳಿದ್ದು ಕೋರ್ಟು. ಅಂಗಡಿಯವಳ ಮಗು ಪುಟ್ಟಿ ಯಾರ ಬಳಿ ಬೆಳೆಯಬೇಕೆಂದು ಅಂದು ತೀರ್ಮಾನ. ಗಂಡನ ಕಡೆಯವರ ವಾದ ಒಂದೇ: ಇವಳ ಅಜ್ಜಿ ಹುಚ್ಚಾಸ್ಪತ್ರೆಯಲ್ಲಿ ಸತ್ತವಳು, ಹೆರಿಗೆಯಾದ ಮೇಲೆ ಇವಳೂ ತಿಂಗಳುಗಟ್ಟಲೆ ಮಾತುಬಿಟ್ಟು ಕೂತವಳು, ರಕ್ತದಲ್ಲೇ ಇರುವಾಗ ಹೆಣ್ಣುಮಗುವನ್ನು ಇವಳ ಕೈಗೆ ಬಿಡುವುದು ಹೇಗೆ? ಅಜ್ಜಿಗೆ ನಿಜಕ್ಕೂ ಏನಾಗಿತ್ತು ಎನ್ನುವುದು ಆಸ್ಪತ್ರೆಯ ಮೊಹರು ಹಾಕಿದ ಕಡತದೊಳಗಿತ್ತು. ಅದನ್ನು ತೋರಿಸಿ ಎಂದು ಇವರು ಅರ್ಜಿ ಕೊಟ್ಟಿದ್ದರು, ಆದರೆ ತೆರೆಯಬಾರದೆಂದು ಕುಟುಂಬದವರೇ ಯಾರೋ ಅಡ್ಡಿ ಹಾಕಿದ್ದರು.

"ಪುಟ್ಟಿ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಬಿಟ್ಟಿದೀಯೇನಮ್ಮ ಯಾವತ್ತಾದ್ರೂ?" ಭೂತಗನ್ನಡಿ ಕೇಳಿದಳು.

"ವರ್ಷಾ ವರ್ಷಾ ಅದೇ ಕೆಲಸ ಅಕ್ಕ. ಬುಟ್ಟೀಲಿಟ್ಟ ಈರುಳ್ಳಿ ಮೊಳಕೆ ಥರ ಬೆಳೀತಾಳೆ."

"ಇಲ್ಲಿ ನೋಡು ಹಾಗಾದ್ರೆ."

ಕೋಟಿನ ಅಂಚಿನಲ್ಲಿ ಒಂದರ ಕೆಳಗೊಂದು ಎರಡು ಪಟ್ಟಿಗಳಿದ್ದವು. ಮೇಲಿನ ಬಟ್ಟೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲ ಪಟ್ಟಿ ಅದಕ್ಕಿಂತ ಗಾಢವಾಗಿತ್ತು, ಎರಡನೆಯದು ಹೊಸ ಬಟ್ಟೆಯಷ್ಟೇ ಕಪ್ಪು. ತೋಳುಗಳ ತುದಿಯಲ್ಲೂ ಹಾಗೆಯೇ. ಒಮ್ಮೆ ಬಿಚ್ಚಿ ಉದ್ದ ಬಿಟ್ಟು, ಅದೂ ಸಾಲದೆ ಇನ್ನೊಮ್ಮೆ ಬಿಟ್ಟಿದ್ದರು.

ಮನೆಯಲ್ಲಿ ಅಳತೆ ತೆಗೆದು ಹೊಲಿದ ಕೋಟು ಅದು, ಆಸ್ಪತ್ರೆ ಹಂಚಿದ್ದಲ್ಲ. ಗುಂಡಿಗಳನ್ನು ಮಾತ್ರ ಆಸ್ಪತ್ರೆಯವರು ಕಿತ್ತು, ಆ ಜಾಗಕ್ಕೆ ಕಟ್ಟಿಕೊಳ್ಳುವ ಬಟ್ಟೆಯ ದಾರಗಳನ್ನು ಹೊಲಿದಿದ್ದರು. ರೋಗಿಗಳು ಗುಂಡಿ ಕಿತ್ತು ನುಂಗಬಾರದೆಂದು ಅಲ್ಲಿ ಅವರ ಬಟ್ಟೆಗೆಲ್ಲ ಹಾಗೆ ಮಾಡುತ್ತಿದ್ದರು. ಆ ದಾರಗಳನ್ನು ಹೊಲಿದದ್ದು ದಪ್ಪನೆಯ ಬಿಳಿ ನೂಲಿನಲ್ಲಿ. ಅಂಚನ್ನು ಎರಡು ಸಲ ಇಳಿಬಿಟ್ಟು ಹೊಲಿದದ್ದೂ ಅದೇ ನೂಲಿನಲ್ಲಿ.

ಅಂದರೆ, ಕೋಟು ಉದ್ದವಾದದ್ದು ಆಸ್ಪತ್ರೆಯೊಳಗೇ.

"ಮೂರು ಮಕ್ಕಳನ್ನ ಹೆತ್ತ ಹೆಂಗಸು ಉದ್ದ ಬೆಳೀತಾಳಾ?" ಎಂದಳು ಭೂತಗನ್ನಡಿ.

ಅಂಗಡಿಯವಳು ಕೋಟಿನ ಭುಜಗಳ ನಡುವೆ ಗೇಣು ಹಾಕಿ ನೋಡಿದಳು. ಕನ್ನಡಕದ ಅಳತೆ ತೆಗೆದು ಪಳಗಿದ ಕೈ ಅದು. ಇನ್ನೊಮ್ಮೆ ಅಳೆದಳು. ಬೆಳೆದ ಹೆಂಗಸಿನ ಭುಜವಲ್ಲ ಅದು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಿಮ್ಮಜ್ಜಿ ಜೊತೆಗೆ ಆಸ್ಪತ್ರೆಗೆ ಹೋಗಿದ್ದು ಯಾರು?"

ಕೇಳಬೇಕಾದ ಪ್ರಶ್ನೆಯೇ ಅಲ್ಲ ಅದು. ಆ ಕಾಲದಲ್ಲಿ ಮನೆಯ ಹೆಂಗಸೊಬ್ಬಳು ಜೊತೆಗಿರದಿದ್ದರೆ ಹೆಂಗಸರ ವಾರ್ಡಿಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ ಎಂದು ನಿನ್ನೆ ದಾಖಲೆ ಕೋಣೆಯ ಅಧಿಕಾರಿ ಇವರಿಬ್ಬರನ್ನೂ ಕಿಟಕಿಯಾಚೆ ನಿಲ್ಲಿಸಿ ಪಾಠ ಹೇಳಿದ್ದ. ರೋಗಿ ಮಂಚದ ಮೇಲೆ, ಜೊತೆಯವಳು ಕೆಳಗೆ ಚಾಪೆಯ ಮೇಲೆ. ಜೊತೆಯವಳು ಬೇಕೆಂದಾಗ ಗೇಟು ದಾಟಬಹುದು. ರೋಗಿ ದಾಟಬೇಕಾದರೆ ಸೇರಿಸಿದವರೇ ಬಂದು ಸಹಿ ಹಾಕಬೇಕು. ಇವಳ ಅಜ್ಜಿಯ ಜೊತೆ ಯಾರಿದ್ದರೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ತಾಯಿಯನ್ನು ನೋಡಿಕೊಳ್ಳಲು ಹದಿನೈದರ ವಯಸ್ಸಿನಲ್ಲಿ ಶಾಲೆ ಬಿಟ್ಟು ಹೋಗಿ, ಎರಡು ವರ್ಷ ಆ ಚಾಪೆಯ ಮೇಲೆ ಮಲಗಿ ಬಂದ ಮಗಳು.

"ಅತ್ತೆ," ಎಂದಳು ಅಂಗಡಿಯವಳು. ಅಪ್ಪನ ಅಕ್ಕ.

ಆ ಅತ್ತೆ ಈಗ ಗಂಡನ ಕಡೆಯ ಸಾಕ್ಷಿ. ವಕೀಲರು ಬೆಳಿಗ್ಗೆ ತಾನೇ ಫೋನ್ ಮಾಡಿ ಹೇಳಿದ್ದರು.

ಅಡ್ಡಿ ಹಾಕಬಹುದಾಗಿದ್ದ ಇನ್ನೊಬ್ಬನೆಂದರೆ ಚಿಕ್ಕಪ್ಪ. ಡ್ರೈವಿಂಗ್ ಸ್ಕೂಲಿನವನು. ನಿನ್ನೆ ಸಂಜೆ ಅವನ ಬಳಿ ಹೋದಾಗ, ಕಲಿಯುವವಳೊಬ್ಬಳು ಸ್ಟೀರಿಂಗ್ ಹಿಡಿದು ನಡುಗುತ್ತಿದ್ದ ಕಾರಿನೊಳಗಿಂದಲೇ ಕೂಗಾಡಿದ್ದ. ಅಮ್ಮನ ಮುಖವೇ ನೆನಪಿಲ್ಲ, ಅಡ್ಡಿ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ ಎಂದು ಕೇಳಿ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದ. ಭೂತಗನ್ನಡಿ ಅವನನ್ನು ಅಲ್ಲಿಯೇ ಬಿಟ್ಟಿದ್ದಳು. ಅಷ್ಟು ಬೇಗ ನಾಲಿಗೆ ಕಚ್ಚಿಕೊಳ್ಳುವವನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ.

ಅಂಗಡಿಯ ಶಟರ್ ಎಳೆದು ಇಬ್ಬರೂ ಹೊರಟರು.

* * *

ಆ ಬಡಾವಣೆಯಲ್ಲಿ ಎಲ್ಲರೂ ಅತ್ತೆಯನ್ನು ಹೆಡ್‌ಮಿಸ್ ಎಂದೇ ಕರೆಯುವುದು. ನಿವೃತ್ತಳಾಗಿ ಎಷ್ಟೋ ಕಾಲವಾಗಿದ್ದರೂ, ಅವಳು ರಸ್ತೆಗಿಳಿದರೆ ತಲೆ ನರೆತ ಗಂಡಸರೂ ಜೇಬಿನಿಂದ ಕೈ ತೆಗೆಯುತ್ತಿದ್ದರು.

ಬಾಗಿಲು ಸರಪಳಿಯಷ್ಟೇ ತೆರೆಯಿತು.

"ನಾನು ಸಾಕ್ಷಿ ಹೇಳೋಳು. ನೀನು ಇಲ್ಲಿಗೆ ಬರೋ ಹಾಗಿಲ್ಲ ಅಂತ ನಿನ್ನ ವಕೀಲರು ಹೇಳಿಲ್ವಾ?"

"ಐದು ನಿಮಿಷ ಅತ್ತೆ."

"ಅತ್ತೆ ಅನ್ನೋದು ಇವತ್ತು ನೆನಪಾಯ್ತಾ?"

ಭೂತಗನ್ನಡಿ ಮಡಿಸಿದ ಕೋಟನ್ನು ಬಾಗಿಲ ಸಂದಿಗೆ ಹಿಡಿದಳು. ಒಳಗಿನ ಕಣ್ಣುಗಳು ಅದರ ಮೇಲೆ ಬಿದ್ದು, ತಕ್ಷಣ ಬೇರೆ ಕಡೆ ಹೋದವು. ಸರಪಳಿ ಕಳಚಿತು.

ಕೋಣೆಯಲ್ಲಿ ಕುರ್ಚಿಗಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದವು. ಟೀವಿಯ ಮೇಲೊಂದು, ರೇಡಿಯೋದ ಮೇಲೊಂದು, ನೀರಿನ ಜಗ್ಗಿನ ಮೇಲೊಂದು ಇಸ್ತ್ರಿ ಮಾಡಿದ ಬಟ್ಟೆ. ಗೋಡೆಯ ತುಂಬ ತರಗತಿಗಳ ಫೋಟೋಗಳು. ಪ್ರತಿಯೊಂದರಲ್ಲೂ ನಟ್ಟನಡುವೆ ಅದೇ ನೆಟ್ಟನೆಯ ಬೆನ್ನು. ಒಂದು ದೊಡ್ಡ ಫೋಟೋದಲ್ಲಿ ಶಾಲೆಯ ಹೊಸ ಸಭಾಂಗಣ, ಅದರ ಬಾಗಿಲ ಮೇಲೆ ಅವಳದೇ ಹೆಸರು.

ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ. ಭೂತಗನ್ನಡಿ ಕೂತಳು. ಅದಕ್ಕೆ ಹೆಡ್‌ಮಿಸ್, ಇದು ಸರ್ಕಾರಿ ಬಸ್ಸಲ್ಲ, ಸೀಟು ಖಾಲಿ ಕಂಡ ಕೂಡಲೇ ಕೂರೋಕೆ ಎಂದಳು. ಕಾಲು ನೋಯುತ್ತದೆ ಮೇಡಂ, ದಂಡ ಹಾಕುವುದಾದರೆ ಹಾಕಿ ಎಂದು ಭೂತಗನ್ನಡಿ ನಗುತ್ತಲೇ ಕೋಟನ್ನು ಟೀಪಾಯಿಯ ಮೇಲೆ ಬಿಡಿಸಿ ಹರಡಿದಳು. ದಾರಗಳೆಲ್ಲ ಬಿಚ್ಚಿಕೊಂಡು ಅತ್ತಿತ್ತ ಬಿದ್ದವು.

ಕೋರ್ಟಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಿದಳು.

"ಇದ್ದದ್ದು ಹೇಳ್ತೀನಿ. ನಮ್ಮಮ್ಮನಿಗೆ ಹುಚ್ಚಿತ್ತು. ಎರಡು ವರ್ಷ ಪಕ್ಕದಲ್ಲೇ ಇದ್ದು ಕಣ್ಣಾರೆ ನೋಡ್ದೋಳು ನಾನು. ಕೊನೆಗೆ ಅಲ್ಲೇ ಹೋದಳು. ಇದರಲ್ಲಿ ಸುಳ್ಳೇನಿದೆ?" ನಂತರ ಸೋದರಸೊಸೆಯ ಕಡೆ ತಿರುಗಿದಳು. "ಹೆತ್ತ ಮೇಲೆ ನೀನೂ ಗೋಡೆ ನೋಡ್ಕೊಂಡು ಕೂತಿದ್ದೆ. ಆಗ ನಿನ್ನ ಮಗೂಗೆ ಹಾಲು ಕುಡಿಸಿದ್ದು ಈ ಕೈ. ಅದೂ ಸುಳ್ಳಾ?"

ಅದು ಸುಳ್ಳಲ್ಲ. ಆ ದಿನಗಳಲ್ಲಿ ಅತ್ತೆ ರಾತ್ರಿ ಹಗಲೆನ್ನದೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ್ದಳು. ಬೈಯಲಿಲ್ಲ, ಗದರಲಿಲ್ಲ, ಏನಾಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಇವಳೊಬ್ಬಳಿಗೆ ಮಾತ್ರ ಅರ್ಥವಾಗಿದೆ ಎಂದು ಆಗ ಅನ್ನಿಸಿತ್ತು. ಅಂಥವಳೇ ನಾಳಿದ್ದು ಕಟಕಟೆ ಹತ್ತುತ್ತಾಳೆ ಎನ್ನುವುದನ್ನು ಬೆಳಗಿನಿಂದ ಅಂಗಡಿಯವಳಿಗೆ ನಂಬಲಾಗುತ್ತಿರಲಿಲ್ಲ.

ಹೆಡ್‌ಮಿಸ್ ಮಾತು ನಿಲ್ಲಿಸಲಿಲ್ಲ. ಸತ್ತವರ ಮಾನ ಬೀದಿಗೆ ತರುವವರು, ಮೊಹರು ಒಡೆಯಲು ಪತ್ತೇದಾರರನ್ನು ಕಟ್ಟಿಕೊಂಡು ತಿರುಗುವವರು, ಇಂಥವರು ಮಗು ಸಾಕುತ್ತಾರಂತೆ ಎಂದಳು. ನಿಂತಲ್ಲೇ ನಿಂತು, ಒಂದೇ ಸಮನೆ, ತರಗತಿಗೆ ಬೈಯುವ ದನಿಯಲ್ಲಿ ಬೈದಳು. ಮಾತು ಬಿಸಿಯಾಗುತ್ತ ಹೋದಂತೆ ಟೀಪಾಯಿಯ ಮೇಲಿನ ಅಸ್ತವ್ಯಸ್ತ ಅವಳ ಕಣ್ಣಿಗೆ ಚುಚ್ಚತೊಡಗಿತು. ಬೈಯುತ್ತಲೇ ಬಗ್ಗಿದಳು. ಕೋಟನ್ನು ನೇರ ಮಾಡಿದಳು. ದಾರಗಳನ್ನು ಕಟ್ಟತೊಡಗಿದಳು.

ಭೂತಗನ್ನಡಿ ಆ ಬೆರಳುಗಳನ್ನೇ ನೋಡಿದಳು.

ಯಾರೇ ಆಗಲಿ, ಕೋಟಿನ ಗುಂಡಿಗಳನ್ನು ಕತ್ತಿನಿಂದ ಕೆಳಕ್ಕೆ ಹಾಕುತ್ತ ಬರುತ್ತಾರೆ. ಹೆಡ್‌ಮಿಸ್ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತ ಹೋದಳು. ಗಂಟೂ ಮಾಮೂಲಿ ಗಂಟಲ್ಲ. ಒಂದು ತುದಿ ಉದ್ದ ಬಿಟ್ಟು, ಕುಣಿಕೆಯನ್ನು ಚಪ್ಪಟೆಯಾಗಿ ಒಳಕ್ಕೆ ತೂರಿಸಿದ ಗಂಟು. ಎದುರು ನಿಂತ ಆಸ್ಪತ್ರೆಯವರು ಆ ತುದಿ ಹಿಡಿದು ಎಳೆದರೆ ಕ್ಷಣದಲ್ಲಿ ಬಿಚ್ಚಬೇಕು. ಹಾಕಿಕೊಂಡವರಿಗೆ ಅದು ಕತ್ತಿಗೆ ಬಿಗಿಯಬಾರದು. ಅವಳ ಕಣ್ಣು ಸೊಸೆಯ ಮೇಲಿತ್ತು. ಕೈ ತನ್ನಷ್ಟಕ್ಕೆ ಕೆಲಸ ಮುಗಿಸಿತು.

"ಅದನ್ನ ಯಾರು ಕಲಿಸಿದ್ರು ಮೇಡಂ?"

ಹೆಡ್‌ಮಿಸ್ ಕೆಳಗೆ ನೋಡಿದಳು. ತನ್ನ ಕೈ ಕಟ್ಟಿದ ಗಂಟುಗಳ ಸಾಲನ್ನು ನೋಡಿದಳು.

"ಅಮ್ಮನಿಗೆ ದಿನಾ ಕಟ್ತಿದ್ದೆ."

"ಇದು ಅವರ ಮೈಗೆ ಹಿಡಿಯಲ್ಲ. ಒಳಗಿದ್ದಾಗ ಎರಡು ಸಲ ಉದ್ದ ಬಿಟ್ಟಿದಾರೆ. ಬೆಳೀತಿದ್ದೋರು ನೀವು. ಹೊಲೀತಿದ್ದೋರು ಅವರು."

ಹೆಡ್‌ಮಿಸ್ ಕೊನೆಗೂ ಕುಳಿತಳು. ಕುಳಿತ ಮೇಲೆ ಬೆನ್ನು ಮೊದಲಿಗಿಂತ ನೆಟ್ಟಗಾಯಿತು.

ಬಾಗಿಲು ಹಾಕಿಕೊಂಡು ಬಾ ಎಂದು ಸೊಸೆಗೆ ಹೇಳಿದಳು.

ಆಮೇಲೆ ಹೇಳಿದ್ದನ್ನೆಲ್ಲ ಅವಳು ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು. ಹದಿನೈದರ ಹುಡುಗಿಗೆ ಯಾರೋ ಕರೆಯುತ್ತಿದ್ದಾರೆ ಎನ್ನಿಸುತ್ತಿತ್ತು. ಊಟ ಬಿಟ್ಟಿತು, ನಿದ್ದೆ ಬಿಟ್ಟಿತು, ಒಂದು ದಿನ ತಮ್ಮನನ್ನು ಎತ್ತಿಕೊಂಡು ಮಾಳಿಗೆಯ ಅಂಚಿಗೆ ಹೋಗಿ ನಿಂತಿತು. ಆಸ್ಪತ್ರೆಗೆ ಸೇರಿಸಲೇಬೇಕಾಯಿತು. ಆದರೆ ಹುಡುಗಿಯ ಹೆಸರು ಅಲ್ಲಿ ದಾಖಲಾದರೆ ಮುಂದೆ ಮದುವೆಯಿಲ್ಲ, ಓದಿಲ್ಲ, ಕೆಲಸವಿಲ್ಲ. ಹೇಗೂ ಇಬ್ಬರು ಹೆಂಗಸರು ಹೋಗಲೇಬೇಕಿತ್ತು, ಒಬ್ಬಳು ರೋಗಿ, ಒಬ್ಬಳು ಜೊತೆಯವಳು. ಹೆಸರುಗಳನ್ನು ಅದಲುಬದಲು ಮಾಡಿಬಿಡೋಣ ಎಂದದ್ದು ಅಮ್ಮನೇ. ಹುಡುಗಿಯ ಅಪ್ಪ ಹಾಗೆಯೇ ಬರೆಸಿದ. ವಾರ್ಡಿನ ಡಾಕ್ಟರು ಮದ್ದು ಕೊಟ್ಟದ್ದು ಹುಡುಗಿಗೆ. ಮೇಲಧಿಕಾರಿಗಳು ಕಡತಕ್ಕೆ ಮೊಹರು ಹಾಕಿದ್ದು ಅಮ್ಮನ ಹೆಸರಿಗೆ.

ಎರಡು ವರ್ಷಕ್ಕೆ ಹುಡುಗಿ ವಾಸಿಯಾದಳು. ಅಷ್ಟು ಹೊತ್ತಿಗೆ ನಿಜ ಗೊತ್ತಿದ್ದ ಮೊದಲಿನ ಡಾಕ್ಟರಿಗೆ ವರ್ಗವಾಗಿತ್ತು. ಜೊತೆಯವಳಿಗೆ ಸಹಿ ಬೇಕಿಲ್ಲ, ಗೇಟು ತೆಗೆದು ಬಿಟ್ಟರು. ಅಪ್ಪನಿಗೆ ಬಂದು ಸಹಿ ಹಾಕಲು ಹೇಳು, ನಾಳೆಯೇ ನಾನೂ ಬರುತ್ತೇನೆ ಎಂದು ಅಮ್ಮ ಒಳಗಿನಿಂದ ಕೈ ಬೀಸಿದಳು.

"ಮನೆಗೆ ಬಂದೆ. ಅಡುಗೆಮನೇಲಿ ಬೇರೆ ಹೆಂಗಸಿದ್ದಳು," ಎಂದಳು ಹೆಡ್‌ಮಿಸ್. "ಅಪ್ಪ ನನಗೆ ಒಂದೇ ಮಾತು ಹೇಳಿದ. ಒಳಗಿದ್ದ ಹುಚ್ಚಿ ನಿಮ್ಮಮ್ಮ. ಅಲ್ಲ ಅಂತ ನಿನಗನ್ನಿಸಿದ್ರೆ ಹೇಳು, ಹೋಗಿ ನಿನ್ನ ಹೆಸರು ಬರೆಸಿ ಅವಳನ್ನ ಕರ್ಕೊಂಡು ಬರ್ತೀನಿ."

"ನೀವು ಹೇಳ್ಲಿಲ್ಲ," ಎಂದಳು ಅಂಗಡಿಯವಳು.

"ಹದಿನೇಳು ವರ್ಷ ನನಗೆ. ನೀನಾಗಿದ್ರೆ ಹೇಳ್ತಿದ್ಯಾ?" ಅವಳು ಸೆರಗಿನ ಅಂಚನ್ನು ಮಡಿಸಿ ಸರಿಮಾಡಿದಳು. "ಸ್ವಲ್ಪ ಕಾಲಕ್ಕೆ ಅವಳು ಹೋದಳು. ಮುಗೀತು."

ಅಂಗಡಿಯವಳು ಅತ್ತೆಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಬೇಡಿಕೊಳ್ಳಲು ಬಂದವಳಲ್ಲ ಅವಳು, ಆದರೂ ಬೇಡಿಕೊಂಡಳು. ಇದೇ ಮಾತನ್ನು ನಾಳಿದ್ದು ಕೋರ್ಟಿನಲ್ಲಿ ಹೇಳಿದರೆ ಸಾಕು ಎಂದಳು. ಕಾಯಿಲೆ ಬಂದದ್ದು ನನಗೆ, ವಾಸಿಯಾಯಿತು, ಆಮೇಲೆ ನೂರಾರು ಮಕ್ಕಳನ್ನು ಬೆಳೆಸಿದೆ ಎಂದು ಅತ್ತೆ ನಿಂತು ಹೇಳಿದರೆ, ಇಂಥವಳ ಕೈಗೆ ಮಗು ಕೊಡಬಾರದು ಎಂದು ಯಾವ ನ್ಯಾಯಾಧೀಶರು ಹೇಳುತ್ತಾರೆ?

ಹೆಡ್‌ಮಿಸ್ ಗೋಡೆಯ ದೊಡ್ಡ ಫೋಟೋದ ಕಡೆ ನೋಡಿದಳು. ಅದರಲ್ಲಿ ಸಭಾಂಗಣದ ಮೆಟ್ಟಿಲ ಮೇಲೆ ಮಕ್ಕಳು ಕೂತಿದ್ದರು.

"ಹುಚ್ಚಿ ಹಾಲ್ ಅಂತ ಕರೀತಾರೆ ಮಾರನೇ ದಿನದಿಂದ. ಮಕ್ಕಳನ್ನ ನಾನು ಚೆನ್ನಾಗಿ ಬಲ್ಲೆ." ದನಿ ಇಳಿಯಲಿಲ್ಲ. "ಪುಟ್ಟಿನ ವಾರಕ್ಕೊಂದು ಸಲ ನೋಡೋಕೆ ಬಿಡ್ತಾರೆ. ಯಾರೂ ಸಾಯಲ್ಲ ಅದಕ್ಕೆ."

ಅಂಗಡಿಯವಳು ನೆಲದಿಂದ ಎದ್ದಳು. ಅವಳ ಮುಖ ನೋಡಿ ಭೂತಗನ್ನಡಿಯೂ ಎದ್ದು ಇಬ್ಬರ ನಡುವೆ ನಿಂತಳು.

ಆಗಲೇ ಭೂತಗನ್ನಡಿಯ ಫೋನು ಬಡಿದುಕೊಂಡದ್ದು. ದಾಖಲೆ ಕೋಣೆಯ ಅಧಿಕಾರಿ. ನಮಸ್ಕಾರಕ್ಕೂ ಕಾಯದೆ, ನಿಮ್ಮ ಅರ್ಜಿ ವಜಾ ಆಗಿದೆ ಎಂದ. ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದೀರಿ, ಇನ್ನೊಂದು ಸಲ ಹೀಗೆ ಮಾಡಿದರೆ ಕಿಟಕಿಯ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ ಎಂದ.

ತಪ್ಪು ಯಾವುದು ಎಂದು ಕೇಳುತ್ತ ಭೂತಗನ್ನಡಿ ಫೋನಿನ ದನಿಯನ್ನು ಇಬ್ಬರಿಗೂ ಕೇಳುವಂತೆ ಮಾಡಿದಳು.

"ದಿವಂಗತ ಅಂತ ಬರೆದಿದ್ದೀರಲ್ಲ, ಅದು. ರೋಗಿ ಇರುವಾಗ ನಾವು ರೋಗಿಯನ್ನೇ ಕೇಳ್ಬೇಕು. ಕೇಳಿದ್ವಿ. ಕಡತ ತೆಗೀಬೇಡಿ ಅಂತ ಇವತ್ತು ಬೆಳಿಗ್ಗೆ ಹೆಬ್ಬೆಟ್ಟು ಒತ್ತಿದ್ದಾರೆ. ಮನೆಯವರ ಎದುರಿಗೇ."

ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನಿನ್ನೆ ನೀವು ಕೇಳಲಿಲ್ಲ ಎಂದು ಅವನು ಫೋನಿಟ್ಟ.

ಅಂಗಡಿಯವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. "ಅಜ್ಜಿ ಇದಾರೆ," ಎಂದಳು. ಯಾರಿಗೂ ಹೇಳಿದ್ದಲ್ಲ ಅದು.

ಭೂತಗನ್ನಡಿ ನೋಡುತ್ತಿದ್ದದ್ದು ಹೆಡ್‌ಮಿಸ್‌ಳ ಮುಖವನ್ನು. ತಾಯಿ ಬದುಕಿದ್ದಾಳೆಂದು ಕೇಳಿದ ಮಗಳ ಮುಖದಲ್ಲಿ ಏನೂ ಆಗಲಿಲ್ಲ. ಹುಬ್ಬು ಕೂಡ ಏರಲಿಲ್ಲ.

"ಬೆಳಿಗ್ಗೆ ನೀವೇ ಹೋಗಿದ್ರಿ."

"ಅವಳಿಗೆ ಬೇಗ ಎಚ್ಚರ ಆಗುತ್ತೆ," ಎಂದಳು ಹೆಡ್‌ಮಿಸ್. "ತಿಂಗಳಿಗೊಂದು ಸಲ ಹೋಗ್ತೀನಿ. ಉಗುರು ಕತ್ತರಿಸ್ತೀನಿ. ತಲೆ ಬಾಚ್ತೀನಿ. ನಿಮ್ಮ ಹಾಗೆ ಸತ್ತಳು ಅಂತ ಬರೆದು ಕೂತಿಲ್ಲ ನಾನು."

ನಿಮ್ಮಪ್ಪ ತೀರಿಕೊಂಡ ಮೇಲೆ ಸಹಿ ಹಾಕುವ ಹಕ್ಕು ನಿಮಗೇ ಬಂತಲ್ಲ, ಒಂದು ಸಹಿಗೆ ಅವರು ಹೊರಗೆ ಬರುತ್ತಿದ್ದರಲ್ಲ ಎಂದು ಭೂತಗನ್ನಡಿ ಕೇಳಿದಳು. ಹೆಡ್‌ಮಿಸ್ ಎದ್ದು ಬಾಗಿಲ ಕಡೆ ನಡೆದಳು, ಹೊರಡಿ ಎಂಬಂತೆ.

ಅಷ್ಟರಲ್ಲಿ ಅಂಗಡಿಯವಳ ತಲೆ ಬೇರೆ ದಿಕ್ಕಿಗೆ ಓಡಿತ್ತು. ಅವಳ ದನಿಯಲ್ಲಿ ಬೆಳಗಿನಿಂದ ಇಲ್ಲದ ಗಟ್ಟಿತನ ಬಂದಿತ್ತು.

"ಅಕ್ಕ, ಬುದ್ಧಿ ನೆಟ್ಟಗಿಲ್ದೋರ ಹೆಬ್ಬೆಟ್ಟು ನಡೆಯಲ್ಲ. ಆಸ್ಪತ್ರೆಯವರೇ ಒತ್ತಿಸ್ಕೊಂಡಿದಾರೆ ಅಂದ್ರೆ, ಅಜ್ಜಿ ಸರಿಯಿದಾರೆ ಅಂತ ಅವರೇ ಒಪ್ಪಿದ ಹಾಗೆ. ಅವರೇ ಬಂದು ಹೇಳ್ಬಹುದು. ನನಗೆ ಯಾವತ್ತೂ ಏನೂ ಆಗಿರಲಿಲ್ಲ ಅಂತ ಅವರ ಬಾಯಲ್ಲೇ ಹೇಳ್ಬಹುದು."

ಭೂತಗನ್ನಡಿ ಆಗಲೇ ಕೋಟು ಮಡಿಸುತ್ತಿದ್ದಳು. ವಕೀಲರಿಗೆ ಹೇಳಬೇಕು, ವಾರ್ಡಿನ ಡಾಕ್ಟರನ್ನು ಹಿಡಿಯಬೇಕು, ಇನ್ನು ಒಂದೇ ದಿನ.

"ಹೋಗು, ಕೇಳು," ಎಂದಳು ಹೆಡ್‌ಮಿಸ್. ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಅವಳು ಮೊದಲ ಸಲ ಮುಗುಳ್ನಕ್ಕಳು. "ನನಗೋಸ್ಕರ ಒತ್ತಿದಳು ಅಂದ್ಕೊಂಡ್ಯಾ ಹೆಬ್ಬೆಟ್ಟು? ಈ ಸಲ ಅವಳು ಒಪ್ಪಲೇ ಇಲ್ಲ. ಸಾಕು ಕಣೇ, ಸಾಯೋ ಮುಂಚೆ ನನ್ನ ಹೆಸರು ನನಗೆ ವಾಪಸ್ ಕೊಡು ಅಂದಳು."

"ಹಾಗಾದ್ರೆ ಹೇಗೆ ಒತ್ತಿದ್ರು?" ಎಂದಳು ಅಂಗಡಿಯವಳು.

"ಮಗ ಕೇಳ್ಕೊಂಡಿದಾನೆ ಅಂದೆ. ಇದೊಂದು ಮಾಡು ಅಮ್ಮ, ಕೋರ್ಟು ಮುಗಿದ ಮಾರನೇ ದಿನ ನಾನೇ ಬಂದು ನಿನ್ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ ನಿಮ್ಮಪ್ಪ ಹೇಳಿ ಕಳಿಸಿದಾನೆ ಅಂದೆ." ಅವಳು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. "ಈಗ ಬಟ್ಟೆ ಗಂಟು ಕಟ್ಕೊಂಡು ಮಂಚದ ಮೇಲೆ ಕೂತಿದಾಳೆ. ನಿಮ್ಮಪ್ಪ ಸತ್ತು ವರ್ಷ ಆಯ್ತು ಅಂತ ನೀನೇ ಹೋಗಿ ಹೇಳು. ಹೇಳಿದ ಮೇಲೂ ಅವಳ ಬುದ್ಧಿ ನೆಟ್ಟಗಿದ್ರೆ, ಸಾಕ್ಷಿಗೆ ಕರ್ಕೊಂಡು ಬಾ."